ಟೊಪ್ಪಿಗೆಯ ಕೆಳಗಿನ ನೆತ್ತಿ

ಗಣಿಗೆ ಹೆಲ್ಮೆಟ್ಟುಗಳು ಬಂದದ್ದು ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಬಸವನ ಬಾಗೇವಾಡಿ ತಾಲೂಕಿನ ಕೃಷ್ಣೆಯ ಕಡೆಗಿನ ಅಂಚಿನಲ್ಲಿ, ಅಣೆಕಟ್ಟಿನ ಕೆಲಸಕ್ಕೆ ಕಲ್ಲು ಒದಗಿಸುತ್ತಿದ್ದ ಗಣಿ ಅದು. ನಾನು ಅಲ್ಲಿನ ದವಾಖಾನೆಯಲ್ಲಿ ಡ್ರೆಸ್ಸರ್. ದವಾಖಾನೆಯೆಂದರೆ ತಗಡಿನ ಮಾಡಿನ ಒಂದೇ ಕೋಣೆ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ವಾರಕ್ಕೆ ಎರಡು ಸಲ ಜೀಪಿನಲ್ಲಿ ಬರುವ ಡಾಕ್ಟರಿಗೆ ನೆರವಾಗುವುದು ನನ್ನ ಕೆಲಸ. ಅಲ್ಲಿಯವರೆಗೆ ಜನ ನನ್ನ ಬಳಿಗೆ ಬೆರಳು, ಮೊಣಕಾಲು, ಕಣ್ಣು ಹಿಡಿದುಕೊಂಡು ಬರುತ್ತಿದ್ದರು. ಆ ಬೇಸಿಗೆಯಲ್ಲಿ ತಲೆ ಹಿಡಿದುಕೊಂಡು ಬರತೊಡಗಿದರು.

ಅವರು ಅದನ್ನು ಹೆಲ್ಮೆಟ್ ಎನ್ನಲಿಲ್ಲ, ಟೊಪ್ಪಿಗಿ ಎಂದರು. ಹೊರಗೆ ಕಂದು ಬಣ್ಣದ ಗಟ್ಟಿ ಚಿಪ್ಪು. ಒಳಗೆ ನೆತ್ತಿಯ ಮೇಲೆ ಅಡ್ಡಡ್ಡ ಹಾಯುವ ಕ್ಯಾನ್ವಾಸಿನ ಪಟ್ಟಿಗಳು. ಅವುಗಳ ಕೆಳಗೆ, ಹಣೆಯಿಂದ ಹಿಂದಲೆಯವರೆಗೆ ಸುತ್ತಿ ಬರುವ ಒಂದು ತೊಗಲಿನ ಪಟ್ಟಿ. ತಲೆಯನ್ನು ಹಿಡಿದಿಡುವುದು ಈ ಪಟ್ಟಿಯೇ. ಹೊಸ ತೊಗಲು, ಮರದ ತೊಗಟೆಯಷ್ಟು ಬಿರುಸಾಗಿತ್ತು. ಎರಡು ಪಾಳಿಗೆ ಒಂದೇ ಟೊಪ್ಪಿಗೆ. ಬೆಳಗಿನವನ ಬೆವರು ಆರುವ ಮೊದಲೇ ಅದು ಮಧ್ಯಾಹ್ನದವನ ತಲೆಗೆ ಏರುತ್ತಿತ್ತು.

ತಿಂಗಳು ತುಂಬುವುದರೊಳಗೆ ತುರಿಕೆ ಶುರುವಾಯಿತು. ಮೊದಲು ಹೊಟ್ಟು ಉದುರಿತು, ಆಮೇಲೆ ಕೂದಲಿನ ಬುಡದಲ್ಲಿ ಸಣ್ಣ ಸಣ್ಣ ಕೀವುಗುಳ್ಳೆಗಳು ಎದ್ದವು. ಒಬ್ಬೊಬ್ಬರದು ಒಂದೊಂದು ಮದ್ದು. ಒಬ್ಬನಂತೂ ಕೊಲ್ಹಾರದ ಗಟ್ಟಿ ಮೊಸರನ್ನು ತಲೆಗೆ ಬಳಿದುಕೊಂಡು ಮೇಲೆ ಟೊಪ್ಪಿಗೆ ಹಾಕಿಕೊಂಡು ಬಂದ. ಬಿಸಿಲೇರಿದಂತೆ ಮೊಸರು ಹುಳಿತು, ನೊಣ ಮುತ್ತಿದವು.

"ಮಾವಾ, ಕೊಲ್ಹಾರದ ಮೊಸರ ತಲಿ ತಿಂದ್ರ ಹೊಟ್ಟಿ ಏನ್ ತಿನಬೇಕೋ?" ಎಂದು ಜೊತೆಯವನು ಕೂಗಿದ.

"ಹೊಟ್ಟಿಗೆ ನಿನ್ನ ಮಾತ ಐತಲ್ಲ, ಅದನ್ನ ತಿಂತೇನಿ."

ಹೀಗೆ ನಗುತ್ತಲೇ ಅವರು ಟೊಪ್ಪಿಗೆ ತೆಗೆದಿಡತೊಡಗಿದರು. ಕಲ್ಲಿಗೆ ತೂತು ಕೊರೆಯುವ ಮಶೀನಿನ ಹಿಡಿಕೆಗೆ ಅದನ್ನು ನೇತುಹಾಕಿ, ತಲೆಗೆ ಗಾಳಿ ಬಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಆಳುಗಳ ಮೇಲ್ವಿಚಾರಕನಾದ ಮುಕಾದಮ ದಿನಕ್ಕೊಮ್ಮೆ ಬೈಯುತ್ತಿದ್ದ. ಬೈಯುವಾಗ ತಾನೂ ಟೊಪ್ಪಿಗೆಯೊಳಗೆ ಬೆರಳು ತೂರಿಸಿ ಕೆರೆದುಕೊಳ್ಳುತ್ತಿದ್ದ.

ಸಿಡಿಮದ್ದು ಹಾರಿಸಿದ ಮೇಲೆ ಬಂಡೆಯ ಮೇಲ್ಮೈಯಲ್ಲಿ ಸಡಿಲಗೊಂಡ ಚಕ್ಕೆಗಳು ಉಳಿದಿರುತ್ತವೆ. ಅಂಥ ಒಂದು ಚಕ್ಕೆ ಒಂದು ಬೆಳಿಗ್ಗೆ ಜಾರಿ, ಕೆಳಗಿದ್ದ ಮುದ್ದೇಬಿಹಾಳದ ಕಡೆಯ ಒಬ್ಬ ಹಿರಿಯ ಕೆಲಸಗಾರನ ತಲೆಯನ್ನು ಸವರಿಕೊಂಡು ಹೋಯಿತು. ಅವನ ಟೊಪ್ಪಿಗೆ ಮಶೀನಿನ ಹಿಡಿಕೆಯ ಮೇಲಿತ್ತು. ಅದು ಡಾಕ್ಟರ್ ಬರುವ ದಿನವಾಗಿದ್ದದ್ದು ಅವನ ಪುಣ್ಯ.

ಅವನನ್ನು ಮೇಜಿನ ಮೇಲೆ ಮಲಗಿಸಿ ಒತ್ತಿ ಕಟ್ಟಿದ್ದ ಧೋತರವನ್ನು ಬಿಚ್ಚಿದೆ. ಹಣೆಯ ಮೇಲಿನಿಂದ ನೆತ್ತಿಯ ತನಕ ಚರ್ಮ ಕೂದಲು ಸಮೇತ ಹಿಂದಕ್ಕೆ ಮಡಚಿಕೊಂಡಿತ್ತು. ಅದರಡಿಯಲ್ಲಿ ಬಿಳಿ. ಧೋತರದ ತುಂಡು ಒಳಗೆ ಸಿಕ್ಕಿಕೊಂಡಿದೆ ಎಂದುಕೊಂಡು ಚಿಮಟದಿಂದ ಹಿಡಿಯಹೋದೆ. ಚಿಮಟ ಟಣ್ ಎಂದಿತು. ಅದು ಬುರುಡೆ.

"ಡ್ರೆಸ್ಸರ್ ಸಾಹೇಬ್ರ," ಎಂದ ಅವನು, ಕಣ್ಣು ಮುಚ್ಚಿಕೊಂಡೇ, "ನನ್ನ ಟೊಪ್ಪಿಗಿ ಎಲ್ಲೈತಿ ನೋಡ್ರಿ. ಕಳದ್ರ ಮುಕಾದಮ ಬೈತಾನ."

ಡಾಕ್ಟರ್ ಹೊಲಿಯುವಾಗ ಆ ಚರ್ಮವನ್ನು ಅದರ ಜಾಗಕ್ಕೆ ಎಳೆದು ಹಿಡಿಯುವ ಕೆಲಸ ನನ್ನದಾಯಿತು. ಎರಡೂ ಕೈಗಳಿಂದ ಹಿಡಿದಿದ್ದೆ. ಬೆಚ್ಚಗಿತ್ತು. ನಾನು ಊಹಿಸಿದ್ದಕ್ಕಿಂತ ದಪ್ಪ, ನಾನು ಬಯಸಿದ್ದಕ್ಕಿಂತ ತೆಳು.

"ಗಟ್ಟಿ ಹಿಡಿ," ಎಂದರು ಡಾಕ್ಟರ್, ಸೂಜಿಯಿಂದ ಕಣ್ಣೆತ್ತದೆ. "ನೆತ್ತಿಗೆ ರಕ್ತ ಭಾಳ. ಅದಕ್ಕ ಸೋರೂದೂ ಭಾಳ, ಕೂಡೂದೂ ಲಗೂನ. ನೋಡ್ತಿರು."

ಹೊಲಿಗೆ ಮುಗಿಯುತ್ತ ಬಂದಂತೆ ಅಂಚಿನ ಬೂದುಬಣ್ಣ ಕರಗಿ ಕೆಂಪು ಮರಳಿತು. ಕಿತ್ತು ಬಂದದ್ದು ಮತ್ತೆ ತನ್ನದೇ ನೆಲಕ್ಕೆ ಕಚ್ಚಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. ಹೊರಗೆ ಬಂದು ಕೈ ತೊಳೆದುಕೊಳ್ಳುವಾಗ ನನ್ನದೇ ತಲೆಯನ್ನು ಮುಟ್ಟಿ ನೋಡಿಕೊಂಡೆ. ಅಷ್ಟು ವರ್ಷ ಅದನ್ನು ಹೊತ್ತು ತಿರುಗಿದ್ದೆ, ಏನು ಹೊತ್ತಿದ್ದೇನೆಂದು ಗೊತ್ತಿರಲಿಲ್ಲ.

ಮರುದಿನವೇ ಗಣಿಯ ಎಂಜಿನಿಯರರ ಆಜ್ಞೆಯಾಯಿತು: ಟೊಪ್ಪಿಗೆಯಿಲ್ಲದವನಿಗೆ ಹಾಜರಿಯಿಲ್ಲ. ಟೊಪ್ಪಿಗೆ ಏಕೆ ತೆಗೆಯುತ್ತಾರೆಂದು ಕೇಳಿದಾಗ ಹುಣ್ಣಿನ ಮಾತು ಬಂತು. ಒಬ್ಬರ ಟೊಪ್ಪಿಗೆ ಇನ್ನೊಬ್ಬರು ಹಾಕುವುದರಿಂದ ಇದು ಅಂಟುರೋಗವೆಂದು ನಾವೆಲ್ಲ ತಿಳಿದೆವು. ಡಾಕ್ಟರ್ ಹೇಳಿದ ದಾರಿ ಆ ಕಾಲಕ್ಕೆ ಸರಿಯಾದದ್ದೇ: ಎಲ್ಲರ ತಲೆ ಬೋಳಿಸಿ, ತೊಳೆದು, ನೀಲಿ ಔಷಧಿ ಹಚ್ಚಬೇಕು. ಬೋಳಿಸಿದ ತಲೆಯನ್ನು ನಾನು ನೋಡಿ ಒಪ್ಪಿದ ಮೇಲಷ್ಟೇ ಕೆಲಸಕ್ಕೆ ಹತ್ತಬೇಕು.

ಮಸೂತಿ ಊರಿನಿಂದ ಸೈಕಲ್ಲಿನಲ್ಲಿ ಕ್ಷೌರಕ್ಕೆ ಬರುತ್ತಿದ್ದ ಹಡಪದ ಕಾಕಾ ಬೇವಿನ ಮರದಡಿ ಕೂತ. ಒಂದು ತಲೆ ಮುಗಿದೊಡನೆ ಕತ್ತಿಯನ್ನು ಕುದಿಯುವ ನೀರಿಗೆ ಹಾಕುತ್ತಿದ್ದೆ. ತಲೆ ತೊಳೆದು, ಒರೆಸಿ, ಹತ್ತಿಯಲ್ಲಿ ನೀಲಿ ಅದ್ದಿ ಬಳಿಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಗಣಿಯ ತುಂಬ ಬದನೆಕಾಯಿ ಬಣ್ಣದ ತಲೆಗಳು.

"ಮ್ಯಾಲೊಂದ ಟೊಪ್ಪಿಗಿ, ಒಳಗೊಂದ ಟೊಪ್ಪಿಗಿ. ಮನ್ಯಾಗ ಹೆಂಡ್ತಿ ಗುರುತು ಹಿಡಿದ್ರ ಸಾಕು!" ಎಂದು ನಗುತ್ತಿದ್ದರು.

ಸಾಲಿನ ಕೊನೆಗೆ ಸಿಂದಗಿಯ ಕಡೆಯ ಒಬ್ಬ ಕೊರೆಯುವವನು ನಿಂತಿದ್ದ. ಬಂಡೆಯ ಎತ್ತರದ ಮುಖದಲ್ಲಿ ಮಶೀನು ಹಿಡಿಯುವ ಆಳು. ಕೂದಲು ಕಿವಿ ಮುಚ್ಚಿತ್ತು, ಗಡ್ಡ ಎದೆಗೆ ಇಳಿಯುವುದರಲ್ಲಿತ್ತು.

"ಕೂಡ ಬಾರೋ ತಮ್ಮಾ," ಎಂದ ಹಡಪದ ಕಾಕಾ.

"ನಾ ಕೂಡಂಗಿಲ್ಲ ಕಾಕಾ."

"ಯಾಕ, ನಿನ್ನ ಕೂದಲೇನ್ ಬಂಗಾರದ್ದೇನು?"

"ಮನ್ಯಾಗ ಆಕಿ ಬಸರದಾಳ."

ಕಾಕಾ ಕೂಡಲೇ ಕತ್ತಿ ಮಡಚಿದ. "ಹಂಗಾರ ನಾ ಮುಟ್ಟಂಗಿಲ್ಲ ನೋಡ್ರಿ ಸಾಹೇಬ್ರ. ನೀವ ಬೋಳಸ್ತೇನಿ ಅಂದ್ರೂ ನಾ ಕತ್ತಿ ಕೊಡಂಗಿಲ್ಲ."

ಹೆಂಡತಿ ಬಸುರಿಯಿದ್ದಾಗ ಗಂಡ ಹೆರಿಗೆಯಾಗುವ ತನಕ ತಲೆಗೆ, ಗಡ್ಡಕ್ಕೆ ಕತ್ತಿ ಸೋಕಿಸಬಾರದೆಂಬ ನಡೆ ನಮ್ಮ ಕಡೆ ಯಾರಿಗೂ ಹೊಸದಲ್ಲ. ಇಂಡಿ ಊರಿನ ನಮ್ಮ ಮನೆಯಲ್ಲೂ ಅದನ್ನು ಪಾಲಿಸುತ್ತಿದ್ದರು. ಆದರೆ ಮುಕಾದಮನಿಗೆ ತಡೆದುಕೊಳ್ಳಲಾಗಲಿಲ್ಲ.

"ಬಸರಿ ಆಕಿ, ಜಡಿ ನಿನಗೇನೋ? ನೀನೇನ್ ಹಡಿಯಾಂವೇನು?"

ಕೊರೆಯುವವನು ನನ್ನನ್ನು ದವಾಖಾನೆಯ ಹಿಂದಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ: "ಹಿಂದ ಎರಡ ಸಲ ಹೊಟ್ಯಾಗ ಹೋದುವ್ರಿ. ಎರಡನೇ ಸಲ ನಾ ತಮ್ಮನ ಮದವಿ ಐತಿ ಅಂತ ಕ್ಷೌರ ಮಾಡಿಸಿಕೊಂಡಿದ್ದೆ. ಅದರಿಂದ ಆತು ಅಂತ ನಾ ಅನ್ನಂಗಿಲ್ಲ. ಆದ್ರ ಆಕಿ ಒಂದ ದಿನಾನೂ ಬಾಯಿ ಬಿಟ್ಟು ಅನಲಿಲ್ಲ ನೋಡ್ರಿ, ಅದು ನನಗ ಹತ್ತಿ ಬಿಟ್ಟೈತಿ. ಈಗ ಏಳನೇ ತಿಂಗಳ ನಡದೈತಿ. ಕೆಲಸಾ ಬಿಡು ಅಂದ್ರ ಬಿಡತೇನಿ. ಬಿಟ್ಟ ಮ್ಯಾಲ ಈ ಬಿಸಲಾಗ ಆಕಿನ್ನ ಎಲ್ಲಿಗೆ ನಡಸಿಕೊಂಡ ಹೋಗ್ಲಿ, ಅದನ್ನ ನೀವ ಹೇಳ್ರಿ."

ಎಂಜಿನಿಯರರ ಬಳಿ ಹೋಗಿ ಮುಂದಿನ ಸಂತೆಯ ತನಕ ಗಡುವು ಕೇಳಿದೆ. ಎತ್ತರದಲ್ಲಿ ಅವನಷ್ಟು ನೆಟ್ಟಗೆ ತೂತು ಕೊರೆಯುವವರು ಇರಲಿಲ್ಲವಾದ್ದರಿಂದ ಗಡುವು ಸಿಕ್ಕಿತು. ಸಂತೆಯ ಮರುದಿನ ಬೆಳಿಗ್ಗೆ ತಲೆ ವಾಸಿಯಾಗಿರಬೇಕು, ಇಲ್ಲವೇ ಬೋಳಾಗಿರಬೇಕು. ಎರಡೂ ಅಲ್ಲದಿದ್ದರೆ ಗಣಿಯವರು ಕೊಟ್ಟ ಗುಡಿಸಲು ಖಾಲಿ ಮಾಡಬೇಕು.

ಅವನ ತಲೆಯಲ್ಲೂ ಹುಣ್ಣಿದ್ದವು. ದಿನವೂ ಕೆಲಸ ಬಿಟ್ಟ ಮೇಲೆ ಬರಹೇಳಿದೆ. ಕುದಿಸಿದ ಬಾಚಣಿಕೆಯಿಂದ ಒಂದು ಬೈತಲೆ ತೆಗೆದು, ಆ ಗೆರೆಯಷ್ಟನ್ನೇ ಹತ್ತಿಯಿಂದ ಒರೆಸಿ, ಔಷಧಿ ತಾಗಿಸಿ, ಪಕ್ಕದಲ್ಲಿ ಇನ್ನೊಂದು ಬೈತಲೆ ತೆಗೆಯುವುದು. ಹೊಲದಲ್ಲಿ ಸಾಲು ಹೊಡೆದಂತೆ. ಬೋಳು ತಲೆಗೆ ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಹೊತ್ತು ಮುಳುಗುತ್ತಿತ್ತು. ಅವನು ಅಷ್ಟು ಹೊತ್ತೂ ಮೊಣಕಾಲಿನ ಮೇಲೆ ಕೈಯಿಟ್ಟು ಅಲುಗದೆ ಕೂರುತ್ತಿದ್ದ. ಒಂದು ಎಳೆಯೂ ಕಿತ್ತು ಬರದಂತೆ ನೋಡಿಕೊಳ್ಳಬೇಕೆಂಬುದು ಅವನ ಒಂದೇ ಮಾತು. ಉದುರಿದ ಕೂದಲನ್ನು ಮಾತ್ರ ಆಯ್ದು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಇತ್ತ ಬೋಳಿಸಿದ ತಲೆಗಳು ವಾಸಿಯಾಗಲಿಲ್ಲ. ಮೊದಲೆರಡು ದಿನ ನೀಲಿಯಡಿ ಒಣಗಿದಂತೆ ಕಂಡವು ಮತ್ತೆ ಒಡೆದವು, ಮೊದಲಿಗಿಂತ ಕೆಟ್ಟದಾಗಿ. ಕೂದಲಿಲ್ಲದ ಚರ್ಮದಲ್ಲಿ ಈಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಹಣೆಯಿಂದ ಕಿವಿಯ ಮೇಲಾಗಿ ಹಿಂದಲೆಗೆ, ಒಂದು ಕೆಂಪು ಬಳೆ. ಬಳೆಯ ಒಳಗೆ, ನೆತ್ತಿಯ ಮೇಲೆ, ಹೆಚ್ಚೇನೂ ಇಲ್ಲ. ಅಂಟುರೋಗವಾದರೆ ಹೀಗೆ ಗೆರೆ ಹಿಡಿದು ನಡೆಯುತ್ತದೆಯೇ? ಡಾಕ್ಟರೂ ಆ ಬಳೆಯನ್ನು ದಿಟ್ಟಿಸಿ ನೋಡಿದರು, ಮುಲಾಮು ಬದಲಿಸಿದರು. ಹೊಸ ಮುಲಾಮಿಗೂ ಬಳೆ ಬಗ್ಗಲಿಲ್ಲ. ಬಿಸಿಲು ಇಳಿಯುವ ಮೊದಲೇ ಮತ್ತೆ ಕೆಲವರು ಟೊಪ್ಪಿಗೆ ತೆಗೆದು ಮಶೀನಿಗೆ ನೇತುಹಾಕತೊಡಗಿದ್ದರು. ಪ್ರತಿ ಸಲ ಮದ್ದು ಹಾರಿದಾಗಲೂ ನನ್ನ ಅಂಗೈಗೆ ಆ ಬೆಚ್ಚಗಿನ ಚರ್ಮದ ನೆನಪಾಗುತ್ತಿತ್ತು.

ಸಂತೆಯ ಸಂಜೆ ಕೊರೆಯುವವನು ಬಂದ. ಗಡುವಿನ ಕೊನೆಯ ಸಂಜೆ. ಅವನು ಟೊಪ್ಪಿಗೆಯ ಕೆಳಗೆ ಕೂದಲನ್ನು ಸುತ್ತಿ ಒಂದು ಅರಿವೆ ಕಟ್ಟಿಕೊಳ್ಳುತ್ತಿದ್ದ. ದಿನವೂ ಬರುವ ಮೊದಲು ಹೊಳೆಯಲ್ಲಿ ಮುಖ ತೊಳೆದು ಅದನ್ನು ಬಿಚ್ಚಿ ಬರುತ್ತಿದ್ದನಾದ್ದರಿಂದ ನಾನು ಕಂಡಿರಲಿಲ್ಲ. ಅಂದು ಗಾಬರಿಯಲ್ಲಿ ಕಟ್ಟಿಕೊಂಡೇ ಬಂದಿದ್ದ.

"ಇದೇನು?"

"ಆಕೀದು ಹಳೀ ಸೀರೀ ತುಂಡ್ರಿ. ಕಾಯ್ದಿಟ್ಟ ಕೂದಲಿಗೆ ತೊಗಲು ತಾಗಬಾರದು ಅಂತ, ಬೋಳಸೂ ಮಾತ ಬಂದಾಗಿಂದ ಆಕೀನ ಕಟ್ಟತಾಳ. ದಿನಾ ಅಂಟಲಕಾಯಿ ಹಾಕಿ ಒಗಿತಾಳ. ಎರಡ ತುಂಡ ಅದಾವು. ಒಂದು ತಲಿ ಮ್ಯಾಲ, ಒಂದು ಹಗ್ಗದ ಮ್ಯಾಲ."

ಕೂದಲು ಬಿಡಿಸಿ ನೋಡಿದೆ. ಹುಣ್ಣುಗಳ ಮೇಲೆ ಒಣ ಹಕ್ಕಳೆ. ಬೆರಳು ತಾಗಿದರೆ ಅದು ಉದುರಿ ಕೆಳಗೆ ಹೊಸ ಚರ್ಮ, ಎಳೆ ಬಾಳೆಎಲೆಯಷ್ಟು ನುಣುಪು. ಇಡೀ ಗಣಿಯಲ್ಲಿ ವಾಸಿಯಾದ ತಲೆ ಅದೊಂದೇ. ಬೋಳಿಸದ ತಲೆಯೂ ಅದೊಂದೇ.

ಅರಿವೆಯನ್ನು ಬೆಳಕಿಗೆ ಹಿಡಿದೆ. ತಲೆಯ ಕಡೆಯ ಮೈ ಚೊಕ್ಕಟ. ಹೊರಮೈಯಲ್ಲಿ ಒಂದು ಕಪ್ಪು ಬಳೆ. ಅದೇ ಬಳೆ, ಅದೇ ಅಗಲ. ಉಗುರಿನಿಂದ ಕೆರೆದೆ. ಕರ್ ಎಂದಿತು. ಕಲ್ಲಿನ ಪುಡಿ ಅರಿವೆಯ ನೂಲಿಗೆ ಮೇಣದಂತೆ ಹತ್ತಿತ್ತು.

ಉಗ್ರಾಣಕ್ಕೆ ಹೋಗಿ ಒಂದೊಂದೇ ಟೊಪ್ಪಿಗೆಯನ್ನು ಮಗುಚಿ ತೊಗಲಿನ ಪಟ್ಟಿಯ ಮೇಲೆ ಬೆರಳು ಎಳೆದೆ. ಎಲ್ಲವೂ ಕಬ್ಬಿಣ ಉಜ್ಜುವ ಅರದಂತೆ. ನಾನು ಎಷ್ಟು ಸಲ ಅವುಗಳನ್ನು ಒರೆಸಿದ್ದೆ! ಒರೆಸಿದ್ದೆ, ಮುಟ್ಟಿರಲಿಲ್ಲ.

ಮುಕಾದಮನನ್ನು ಕರೆದು ಕೇಳಿದೆ: ಈ ತೊಗಲಿಗೆ ಏನು ಹಚ್ಚಿದ್ದೀರಿ?

"ಕುಸಬಿ ಎಣ್ಣಿರಿ," ಎಂದ ಅವನು, ಇದೇನು ಕೇಳುವ ಮಾತು ಎಂಬಂತೆ. "ಬಂದಾಗ ತೊಗಲ ಬಿರಸ ಇತ್ತಲ್ರಿ, ಹಣಿ ಕೊರೀತಿತ್ತು. ಎಣ್ಣಿ ಚಲೋತ್ನಂಗ ಸುಟ್ಟು ಹಚ್ಚಿದ್ವಿ. ಬಾವಿ ತೊಗಲಿಗೆ ಹಚ್ಚಂಗಿಲ್ಲೇನ್ರಿ? ಈಗೂ ವಾರಕ್ಕೊಮ್ಮೆ ಹಚ್ಚತೇವಿ."

ಆಗ ಎಲ್ಲ ತಿಳಿಯಿತು. ನಮ್ಮ ಕಡೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ತೊಗಲಿನ ಚೀಲಕ್ಕೆ ಸುಟ್ಟ ಕುಸುಬಿ ಎಣ್ಣೆ ಬಳಿಯುತ್ತಾರೆ. ಅದು ತೊಗಲಿನ ಮೇಲೆ ಪದರಗಟ್ಟಿ ನೀರಿನಿಂದ ಕಾಯುತ್ತದೆ. ದಿನವೆಲ್ಲ ನೀರಲ್ಲಿ ಮುಳುಗೇಳುವ ಚೀಲ ಬಳುಕುತ್ತಲೇ ಇರುತ್ತದೆ. ಇಲ್ಲಿ ನೀರಿರಲಿಲ್ಲ. ಬಿಸಿಲಿತ್ತು, ಕಲ್ಲಿನ ಪುಡಿಯಿತ್ತು. ಹಚ್ಚಿದ ದಿನ ಮೆತ್ತಗಾದ ತೊಗಲು ಬರಬರುತ್ತ ಪುಡಿಯನ್ನು ಅಪ್ಪಿಕೊಂಡು ಅರಗಿನಂತೆ ಬಿಗಿಯುತ್ತಿತ್ತು. ಕೊರೆಯಿತೆಂದು ಮತ್ತೆ ಎಣ್ಣೆ, ಮತ್ತೆ ಪುಡಿ. ಬೆಳಿಗ್ಗೆ ತಲೆಗೆ ಹಚ್ಚಿ ಬಂದ ಎಣ್ಣೆಯೂ ಅದಕ್ಕೆ ಸೇರುತ್ತಿತ್ತು. ಹೊಲದವರ ಒಳ್ಳೆಯ ಬುದ್ಧಿಯೇ ತಲೆಯ ಸುತ್ತ ಅರವಾಗಿ ಕೂತಿತ್ತು. ಅದಕ್ಕೆ ಅಡ್ಡವಿದ್ದ ಕೂದಲನ್ನು ನಾವು ಬೋಳಿಸಿ ತೆಗೆದು ಬರಿಯ ಚರ್ಮವನ್ನು ಒಡ್ಡಿದ್ದೆವು.

ಡಾಕ್ಟರ್ ಬರಲು ಇನ್ನೂ ಎರಡು ದಿನವಿತ್ತು. ಹಾಜರಿ ಮರುದಿನ ಬೆಳಿಗ್ಗೆ. ಡಾಕ್ಟರ್ ಇಲ್ಲದಾಗ ಅವರ ಮಾತನ್ನು ಬದಲಿಸುವ ಅಧಿಕಾರ ಡ್ರೆಸ್ಸರಿಗಿಲ್ಲ. ಈ ಕಡೆ ಆ ಮನುಷ್ಯನನ್ನು ಕತ್ತಿಗೆ ಒಡ್ಡುವುದು ಅಥವಾ ದಾರಿಗೆ ನೂಕುವುದು ನನ್ನ ಒಂದು ಮಾತಿನ ಮೇಲಿತ್ತು. ನಾನು ಒಂದು ಟೊಪ್ಪಿಗೆಯ ಪಟ್ಟಿಯನ್ನು ಬಿಚ್ಚಿಕೊಂಡು ಬೆಳಿಗ್ಗೆ ಹಾಜರಿಯ ಕಟ್ಟೆಯ ಹತ್ತಿರ ಹೋದೆ. ಕೊರೆಯುವವನು ಅರಿವೆ ಕಟ್ಟಿಕೊಂಡು ನಿಂತಿದ್ದ. ಬೇವಿನ ಮರದಡಿ ಕಾಕಾ ಕತ್ತಿ ತೆಗೆಯದೆ ಕೂತಿದ್ದ.

"ಇವನ ತಲಿ ವಾಸಿ ಆಗೇತ್ರಿ," ಎಂದೆ ಎಂಜಿನಿಯರರಿಗೆ. "ಹಂಗ ಹತ್ತಲಿ. ಉಳಿದವರದು ಮತ್ತ ಬೋಳಸೂದು ಬ್ಯಾಡ್ರಿ."

"ಡಾಕ್ಟರ್ ಬೋಳಸ್ರಿ ಅಂತಾರ, ನೀ ಬೋಳಸಬ್ಯಾಡ್ರಿ ಅಂತಿ. ನಾ ಯಾರ ಮಾತ ಕೇಳ್ಲಿ?"

ಉತ್ತರವಾಗಿ ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೆರಳಲ್ಲಿ ತಿಕ್ಕಿದರು. ಆಮೇಲೆ ತಾವಾಗಿಯೇ ಮುಂಗೈಯ ಒಳಮೈಗೆ ಒಂದೆರಡು ಸಲ ಎಳೆದುಕೊಂಡರು. ಕೆಂಪು ಗೆರೆ ಎದ್ದಿತು. ಗಡಿಯಾರದ ಪಟ್ಟಿಯನ್ನು ಸರಿಸಿ ಆ ಗೆರೆಯನ್ನು ನೋಡುತ್ತ ನಿಂತರು.

"ಡಾಕ್ಟರ್ ಬರೂತನಕ," ಎಂದರು ಕೊನೆಗೆ. "ಅವನ ತಲಿಗೆ ಏನರ ಆದ್ರ ನಿನ್ನ ಕೇಳ್ತೇನಿ."

ಕೊರೆಯುವವನು ಏಣಿ ಹತ್ತಿದ. ನಾನು ಆ ಎರಡು ದಿನವೂ ಕತ್ತೆತ್ತಿ ಬಂಡೆಯನ್ನೇ ನೋಡುತ್ತ ಕಳೆದೆ.

ಡಾಕ್ಟರ್ ಬಂದವರು ಅವನ ಕೂದಲನ್ನು ಬೈತಲೆ ತೆಗೆದು ನೋಡಿದರು, ಅರಿವೆ ನೋಡಿದರು, ಪಟ್ಟಿ ನೋಡಿದರು. "ಮುಲಾಮು ರಾತ್ರೆಲ್ಲ ಕೂಡಸ್ತದ, ಟೊಪ್ಪಿಗಿ ಹಗಲೆಲ್ಲ ಬಿಚ್ಚತದ. ಪಾಪ ಅದೇನು ಮಾಡೀತು?" ಎಂದರು. ಮುಂದಿನದನ್ನು ಇಬ್ಬರೂ ಕೂಡಿ ಗೊತ್ತುಮಾಡಿದೆವು. ಪಟ್ಟಿಗಳನ್ನೆಲ್ಲ ಬಿಚ್ಚಿ ಬಿಸಿನೀರಿಗೆ ಒಗೆಯುವ ಸೋಡಾ ಹಾಕಿ ನೆನೆಸಿ, ಮೊಂಡ ಚಾಕುವಿನಿಂದ ಪದರ ಕೆರೆದು, ನೆರಳಲ್ಲಿ ಒಣಗಿಸಿದೆವು. ಬಿರುಕು ಬಿಟ್ಟವನ್ನು ಎಸೆದು ಆ ಜಾಗಕ್ಕೆ ಮಡಚಿದ ದಪ್ಪ ಬಟ್ಟೆ ಹೊಲಿಸಿದೆವು. ಇನ್ನು ಮೇಲೆ ಒಬ್ಬನ ಟೊಪ್ಪಿಗೆ ಒಬ್ಬನಿಗೇ. ಒಳಗೆ ಕಟ್ಟಲು ಒಗೆದ ಅರಿವೆಯ ಎರಡು ತುಂಡು. ತಲೆ ತೊಳೆಯುವುದು ಬೆಳಿಗ್ಗೆಯಲ್ಲ, ಕೆಲಸ ಬಿಟ್ಟ ಮೇಲೆ. ಹಸಿ ಕೂದಲಿನ ಮೇಲೆ ಟೊಪ್ಪಿಗೆ ಬೇಡ. ಎಣ್ಣೆ ಹಚ್ಚುವುದಾದರೆ ರಜೆಯ ದಿನ. ಊಟಕ್ಕೆ ಕೂತಾಗ ಟೊಪ್ಪಿಗೆಯನ್ನು ನೆಲಕ್ಕೆ ಬೋರಲು ಹಾಕದೆ ಗಾಳಿಯಾಡುವಂತೆ ಗೂಟಕ್ಕೆ ತೂಗುಹಾಕಬೇಕು.

"ಇಷ್ಟು ಉಪಚಾರ ನಾ ಮದಮಗ ಆದಾಗೂ ನಮ್ಮಪ್ಪ ಮಾಡಿರ್ಲಿಲ್ರಿ," ಎಂದ ಮುಕಾದಮ. ಆದರೆ ತನ್ನ ಪಟ್ಟಿಯನ್ನು ಎಲ್ಲರಿಗಿಂತ ಮೊದಲು ಕೆರೆಯಲು ಕೂತವನು ಅವನೇ.

ಆಮೇಲೆ ನಡೆದದ್ದರಲ್ಲಿ ನನ್ನ ಕೈವಾಡ ಕಡಿಮೆ. ನಾನು ನೋಡುತ್ತಿದ್ದೆ, ಅಷ್ಟೆ. ಕೆಂಪು ಬಳೆಗಳು ಮಾಸಿದವು. ಬೋಳು ತಲೆಗಳ ಮೇಲೆ ಹೊಲಕ್ಕೆ ಮೊಳಕೆ ಬಂದಂತೆ ಕಪ್ಪು ಚಿಗುರಿತು. ಮುದ್ದೇಬಿಹಾಳದ ಹಿರಿಯನ ಹೊಲಿಗೆ ಬಿಚ್ಚಿದೆ. ನಾನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದ ಅದೇ ಚರ್ಮದ ಮೇಲೆ ಕೂದಲು, ಏನೂ ನಡೆದೇ ಇಲ್ಲವೆಂಬಂತೆ, ಮೊದಲಿನ ಸುಳಿಯನ್ನೇ ಸುತ್ತಿಕೊಂಡು ಬೆಳೆಯುತ್ತಿತ್ತು. ಆ ಸುಳಿಯ ದಾರಿಯನ್ನು ಅದಕ್ಕೆ ಯಾರು ನೆನಪಿಸಿದರೆಂದು ನಾನು ಡಾಕ್ಟರರನ್ನು ಕೇಳಿದೆ. ಅವರು ನಕ್ಕು ಮುಂದಿನ ತಲೆಗೆ ಕೈಹಾಕಿದರು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಕೊರೆಯುವವನು ಓಡುತ್ತಲೇ ಬೇವಿನ ಮರದಡಿಗೆ ಬಂದ.

"ಕಾಕಾ, ತಗಿ ಕತ್ತಿ!"

"ಏನಾತೋ?"

"ಹೆಣ್ಣ ಕೂಸು. ಅಳಾಕತ್ತೈತಿ. ಇಬ್ರೂ ಆರಾಮ ಅದಾರ."

ಕಾಕಾ ಕತ್ತಿಯನ್ನು ಕಣ್ಣಿಗೊತ್ತಿಕೊಂಡು ಬಿಚ್ಚಿದ. ಕೂದಲು ಗೊಂಚಲು ಗೊಂಚಲಾಗಿ ಮಡಿಲಿಗೆ ಬಿತ್ತು. ನಾನು ದಿನದಿನವೂ ಗೆರೆ ಗೆರೆಯಾಗಿ ಕಂಡಿದ್ದ ತಲೆ ಮೊದಲ ಸಲ ಇಡಿಯಾಗಿ ಹೊರಬಂತು. ಎಲ್ಲೂ ಒಂದು ಕಲೆಯಿರಲಿಲ್ಲ.

ತೊಳೆದ ತಲೆ ಒಣಗುವ ಮೊದಲೇ ನನ್ನ ಕೈ ಹಿಡಿದು ಎಳೆದ. "ಬರ್ರಿ ಸಾಹೇಬ್ರ. ನಮ್ಮ ಹುಡುಗಿ ತಲೀನೂ ನೋಡಿ ಒಪ್ಪಿಗಿ ಕೊಡ್ರಿ. ಹಾಜರಿ ಹಚ್ಚೂಣು."

ಗುಡಿಸಲಿನ ಬಾಗಿಲಲ್ಲಿ ಅವನ ಅತ್ತೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಒಳಗೆ ಕತ್ತಲಲ್ಲಿ ಮಲಗಿದ್ದ ಹೆಂಡತಿ ಸೆರಗು ಸರಿಪಡಿಸಿಕೊಂಡಳು. ಹೊರಗೆ ಹಗ್ಗದ ಮೇಲೆ ಆ ಎರಡು ಸೀರೆಯ ತುಂಡುಗಳು ಒಣಗುತ್ತಿದ್ದವು. ಮುದುಕಿ ಅಂಗೈಯ ತಗ್ಗಿನಲ್ಲಿ ಎಣ್ಣೆ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ನೀವು ತಲಿಗೆ ಎಣ್ಣಿ ಬ್ಯಾಡ ಅಂತೀರಂತಲ್ರಿ, ಯಪ್ಪಾ. ನೆತ್ತಿಗೆ ಇಡಲ್ಯೋ ಬ್ಯಾಡೋ?"

"ಇಡ ಯವ್ವಾ," ಎಂದೆ. "ಈ ತಲಿಗೆ ಟೊಪ್ಪಿಗಿ ಇಲ್ಲ."

ಅವಳು ಎಣ್ಣೆ ಇಡುವ ಮೊದಲು ನಾನು ಬಗ್ಗಿ ನೋಡಿದೆ. ಒದ್ದೆ ಕೂದಲು ತೆಳ್ಳಗೆ ಅಂಟಿತ್ತು. ನಡುನೆತ್ತಿಯಲ್ಲಿ, ಮೂಳೆ ಇನ್ನೂ ಕೂಡದ ಆ ಜಾಗದಲ್ಲಿ, ಚರ್ಮ ಏಳುತ್ತಿತ್ತು, ಇಳಿಯುತ್ತಿತ್ತು. ಅದರಡಿಯಲ್ಲಿ ಬಿಳಿಯಿರಲಿಲ್ಲ, ಬುರುಡೆಯಿರಲಿಲ್ಲ. ದೂರದಲ್ಲಿ ಗಣಿಯ ಮದ್ದು ಹಾರಿ ನೆಲ ಅದುರಿತು. ಕೂಸಿನ ತಂದೆ ತನಗೆ ತಿಳಿಯದಂತೆಯೇ ತನ್ನ ಬೋಳು ತಲೆಯನ್ನು ಮುಂದೆ ಚಾಚಿ ಅದರ ಮೇಲೆ ನೆರಳಾಗಿ ನಿಂತ.

ಮುದುಕಿ ನೆತ್ತಿಗೆ ಎಣ್ಣೆ ಇಟ್ಟಳು. ಆ ಹನಿ ಅಲ್ಲೇ ನಿಂತು, ಒಳಗಿನ ಮಿಡಿತಕ್ಕೆ ಏಳುತ್ತ ಇಳಿಯುತ್ತ ಹೊಳೆಯಿತು.